ಶ್ವಾಸಕೋಶ ಕಾರ್ಯಪರೀಕ್ಷೆ: ಫಲಿತಾಂಶವನ್ನು ಪ್ರಮಾಣಕ ಮೌಲ್ಯದೊಡನೆ ಹೋಲಿಸುವ ಬಗೆ

ಶ್ವಾಸಕೋಶ ಎಷ್ಟು ಗಾಳಿ ಹಿಡಿಯುತ್ತದೆ, ಅದನ್ನು ಎಷ್ಟು ವೇಗವಾಗಿ ಹೊರಹಾಕುತ್ತದೆ, ಆ ಗಾಳಿಯನ್ನು ರಕ್ತಕ್ಕೆ ಎಷ್ಟು ಚೆನ್ನಾಗಿ ದಾಟಿಸುತ್ತದೆ ಎಂಬುದನ್ನು ಅಳೆಯುವ ಪರೀಕ್ಷೆಗಳಿಗೆ ಒಟ್ಟಾಗಿ ಶ್ವಾಸಕೋಶ ಕಾರ್ಯಪರೀಕ್ಷೆ ಎಂದು ಹೆಸರು. ಆಸ್ಪತ್ರೆಗಳಲ್ಲಿ ಇದನ್ನು ಪಿಎಫ್‌ಟಿ ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸ್ಪೈರೋಮೆಟ್ರಿ, ಜನರ ಮಾತಿನಲ್ಲಿ ‘ಊದುವ ಪರೀಕ್ಷೆ’. ಈ ಪರೀಕ್ಷೆಯಲ್ಲಿ ಎಲ್ಲರಿಗೂ ಒಪ್ಪುವ ಒಂದೇ ಸಂಖ್ಯೆ ಇಲ್ಲ. ಮೂರು ಲೀಟರ್ ಗಾಳಿ ಊದಿದರೆ ಕುಳ್ಳಗಿನ ಮಧ್ಯವಯಸ್ಸಿನ ಹೆಂಗಸಿಗೆ ಅದು ಒಳ್ಳೆಯ ಉಸಿರು. ಆರಡಿ ಎತ್ತರದ ಯುವಕನಿಗೆ ಅದೇ ಸಂಖ್ಯೆ ದೊಡ್ಡ ಕೊರತೆ. ಹಾಗಾಗಿ ಪ್ರತಿ ಫಲಿತಾಂಶವನ್ನೂ ಅದೇ ವಯಸ್ಸಿನ, ಅದೇ ಎತ್ತರದ, ಅದೇ ಲಿಂಗದ ಆರೋಗ್ಯವಂತರ ನಿರೀಕ್ಷಿತ ಮೌಲ್ಯದ ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ. ಆ ಆರೋಗ್ಯವಂತರು ಯಾರು, ಅವರನ್ನು ಎಲ್ಲಿ, ಯಾವಾಗ ಅಳೆದರು ಎಂಬುದರ ಮೇಲೆ ಒಂದೇ ಉಸಿರು ‘ಸಹಜ’ವೂ ಆಗಬಹುದು, ‘ಅಸಹಜ’ವೂ ಆಗಬಹುದು.

ಅಳತೆಯ ಆರಂಭ

ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ 1846ರಲ್ಲಿ ತನ್ನ ಸ್ಪೈರೋಮೀಟರನ್ನು ವೈದ್ಯಲೋಕದ ಮುಂದಿಟ್ಟ. ನೀರಿನ ತೊಟ್ಟಿಯಲ್ಲಿ ಬೋರಲಾಗಿ ಮುಳುಗಿಸಿದ ಪಾತ್ರೆ, ಊದಿದಷ್ಟೂ ಮೇಲೇಳುತ್ತಿತ್ತು. ಎಷ್ಟು ಎದ್ದಿತು ಎಂದು ಓದಿಕೊಂಡರೆ ಗಾಳಿಯ ಪ್ರಮಾಣ ಸಿಗುತ್ತಿತ್ತು. ಹಚಿನ್ಸನ್ ಉಪಕರಣ ಮಾಡಿ ಸುಮ್ಮನಾಗಲಿಲ್ಲ. ನಾವಿಕರು, ಪೊಲೀಸರು, ಸೈನಿಕರು, ಮುದ್ರಣಾಲಯದ ಕೆಲಸಗಾರರು, ಕುಸ್ತಿಪಟುಗಳು, ಬಡವರು, ಸಿರಿವಂತರು ಹೀಗೆ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಊದಿಸಿ ಲೆಕ್ಕ ಬರೆದ. ಐದಡಿಯಿಂದ ಆರಡಿಯವರೆಗೆ ಎತ್ತರ ಒಂದೊಂದು ಅಂಗುಲ ಹೆಚ್ಚಿದಂತೆ ಊದುವ ಗಾಳಿ ಎಂಟು ಘನ ಅಂಗುಲದಷ್ಟು, ಅಂದರೆ ಸುಮಾರು 130 ಮಿಲಿಲೀಟರ್, ಏರುತ್ತದೆ ಎಂದು ಕಂಡುಕೊಂಡ. ವಯಸ್ಸಾದಂತೆ ಅದು ಇಳಿಯುವುದನ್ನೂ ಗುರುತಿಸಿದ. ಕ್ಷಯ ಹಿಡಿದವರು ಅವರ ಎತ್ತರಕ್ಕೆ ತಕ್ಕಷ್ಟು ಊದಲಾರರು ಎಂಬುದು ಅವನ ವಾದದ ತಿರುಳು. ಪ್ರಮಾಣಕ ಮೌಲ್ಯದ ಕಲ್ಪನೆ ಇಲ್ಲಿಯೇ ಪೂರ್ತಿಯಾಗಿ ಇದೆ: ಮೊದಲು ಆರೋಗ್ಯವಂತರನ್ನು ಅಳೆ, ಆಮೇಲೆ ರೋಗಿಯನ್ನು ಅವರೊಡನೆ ಹೋಲಿಸು.

ಒಟ್ಟು ಗಾಳಿಯ ಜೊತೆಗೆ ಕಾಲವನ್ನೂ ಸೇರಿಸಿದವರು ಫ್ರಾನ್ಸಿನ ಟಿಫ್ನೊ ಮತ್ತು ಪಿನೆಲ್ಲಿ. ಅವರು 1947ರಲ್ಲಿ ನಿಗದಿತ ಕಾಲದೊಳಗೆ ಎಷ್ಟು ಗಾಳಿ ಹೊರಬರುತ್ತದೆ ಎಂದು ಅಳೆಯುವ ಕ್ರಮವನ್ನು ತಂದರು. ಇಂದಿನ ವರದಿಯ ಮೂರು ಮುಖ್ಯ ಸಾಲುಗಳು ಹೀಗೆ ಬಂದವು. ಪೂರ್ತಿ ಉಸಿರೆಳೆದು ಬಲವಾಗಿ ಊದಿದಾಗ ಹೊರಬರುವ ಒಟ್ಟು ಗಾಳಿ ಎಫ್‌ವಿಸಿ. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಭಾಗ ಎಫ್‌ಇವಿ1. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದಾಗ ಸಿಗುವುದು ಅನುಪಾತ. ಅನುಪಾತ ತಗ್ಗಿದ್ದರೆ ಗಾಳಿ ಹೊರಬರುವ ದಾರಿ ಕಿರಿದಾಗಿದೆ ಎಂದರ್ಥ. ಇದು ಆಸ್ತಮಾದಲ್ಲೂ, ಶ್ವಾಸನಾಳಗಳು ಕಾಯಂ ಆಗಿ ಕಿರಿದಾಗುವ ಸಿಒಪಿಡಿ ರೋಗದಲ್ಲೂ ಕಾಣುವ ಅಡಚಣೆ. ಅನುಪಾತ ಸರಿಯಿದ್ದು ಒಟ್ಟು ಗಾಳಿಯೇ ಕಡಿಮೆಯಿದ್ದರೆ ಶ್ವಾಸಕೋಶ ಪೂರ್ತಿ ಹಿಗ್ಗುತ್ತಿಲ್ಲ ಎಂಬ ಶಂಕೆ ಬರುತ್ತದೆ. ಅದಕ್ಕೆ ಕುಗ್ಗುವಿಕೆ ಎನ್ನಬಹುದು.

ಹೋಲಿಕೆಗೆ ಮೊದಲು

ಸರಿಯಾಗಿ ಊದಿಸದೆ ಪಡೆದ ಸಂಖ್ಯೆಯನ್ನು ಯಾವ ಪ್ರಮಾಣಕದೊಡನೆ ಹೋಲಿಸಿದರೂ ಪ್ರಯೋಜನವಿಲ್ಲ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಈ ಪರೀಕ್ಷೆ ರೋಗಿಯ ಪ್ರಯತ್ನದ ಮೇಲೂ, ಪಕ್ಕದಲ್ಲಿ ನಿಂತು ‘ಊದಿ, ಊದಿ, ಇನ್ನೂ ಊದಿ’ ಎಂದು ಹುರಿದುಂಬಿಸುವ ತಂತ್ರಜ್ಞರ ಮೇಲೂ ಪೂರ್ತಿ ನಿಂತಿದೆ. ಅಮೆರಿಕ ಮತ್ತು ಯುರೋಪಿನ ಶ್ವಾಸಕೋಶ ತಜ್ಞರ ಸಂಘಗಳು 2019ರಲ್ಲಿ ಹೊರಡಿಸಿದ ಮಾನದಂಡದ ಪ್ರಕಾರ ವಯಸ್ಕರಿಂದ ಒಪ್ಪಬಹುದಾದ ಮೂರು ಊದುಗಳನ್ನು ಪಡೆಯಬೇಕು. ಅವುಗಳಲ್ಲಿ ಅತ್ಯುತ್ತಮವಾದ ಎರಡರ ನಡುವಿನ ಅಂತರ 150 ಮಿಲಿಲೀಟರ್ ಮೀರಬಾರದು. ಮೂರು ಲೀಟರಿನ ಸಿರಿಂಜಿನಿಂದ ಯಂತ್ರವನ್ನು ಪರಿಶೀಲಿಸಿದಾಗ ವ್ಯತ್ಯಾಸ ಶೇಕಡ 3ರೊಳಗಿರಬೇಕು.

ರೋಗಿ ಅರ್ಧದಲ್ಲೇ ಊದುವುದನ್ನು ನಿಲ್ಲಿಸಿದರೆ ಏನಾಗುತ್ತದೆ ನೋಡಿ. ಒಟ್ಟು ಗಾಳಿ ಕಡಿಮೆ ದಾಖಲಾಗುತ್ತದೆ, ಮೊದಲ ಸೆಕೆಂಡಿನದು ಹಾಗೇ ಉಳಿಯುತ್ತದೆ. ಅನುಪಾತ ಸುಳ್ಳಾಗಿ ಮೇಲೇರಿ, ಇದ್ದ ಅಡಚಣೆ ಮುಚ್ಚಿಹೋಗುತ್ತದೆ. ಅದರ ಬದಲು ಇಲ್ಲದ ಕುಗ್ಗುವಿಕೆ ಕಾಗದದ ಮೇಲೆ ಮೂಡುತ್ತದೆ.

ಎತ್ತರವನ್ನು ಅಳೆಯುವ ರೀತಿಯೂ ಇಷ್ಟೇ ಮುಖ್ಯ. ಚಪ್ಪಲಿ ಬಿಚ್ಚಿಸಿ, ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ ಅಳೆಯಬೇಕು. ರೋಗಿ ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳುವಂತಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಿಂದ 1999ರಲ್ಲಿ ಹ್ಯಾಂಕಿನ್ಸನ್ ಮತ್ತು ಸಂಗಡಿಗರು ಕಟ್ಟಿದ ಸೂತ್ರದಲ್ಲಿ 165 ಸೆಂಟಿಮೀಟರ್ ಎತ್ತರದ ಗಂಡಸಿಗೆ ಎರಡೂವರೆ ಸೆಂಟಿಮೀಟರ್ ಸೇರಿಸಿ ಲೆಕ್ಕ ಹಾಕಿದರೆ ನಿರೀಕ್ಷಿತ ಎಫ್‌ವಿಸಿ ಸುಮಾರು 155 ಮಿಲಿಲೀಟರ್ ಏರುತ್ತದೆ. ಹಚಿನ್ಸನ್ ಕಂಡ ಸಂಖ್ಯೆಯ ಆಸುಪಾಸಿನಲ್ಲೇ ಇದೆ. ಎತ್ತರದ ಹಿಮ್ಮಡಿಯ ಚಪ್ಪಲಿಯನ್ನು ಕಳಚದೆ ಅಳೆದರೆ ಆರೋಗ್ಯವಂತರೂ ಅಷ್ಟರಮಟ್ಟಿಗೆ ಕಡಿಮೆ ಊದಿದಂತೆ ತೋರುತ್ತಾರೆ. ಬೆನ್ನು ಗೂನಾದವರಲ್ಲಿ ಎರಡೂ ಕೈ ಚಾಚಿದ ಅಳತೆಯಿಂದ ಎತ್ತರವನ್ನು ಅಂದಾಜು ಮಾಡುತ್ತಾರೆ.

ಎಂಬತ್ತು ಎಂಬ ಗೆರೆ

ಬಹುಪಾಲು ವರದಿಗಳಲ್ಲಿ ರೋಗಿಯ ಮೌಲ್ಯ, ನಿರೀಕ್ಷಿತ ಮೌಲ್ಯ, ಶೇಕಡ ಎಷ್ಟು ಎಂಬ ಮೂರು ಕಂಬಸಾಲುಗಳಿರುತ್ತವೆ. ಶೇಕಡ 80ಕ್ಕಿಂತ ಮೇಲಿದ್ದರೆ ಸಹಜ, ಕೆಳಗಿದ್ದರೆ ರೋಗ ಎಂಬ ರೂಢಿ ದಶಕಗಳಿಂದ ಬೇರೂರಿದೆ. ನೆನಪಿಡಲು ಸುಲಭವಾದ ಈ ನಿಯಮ ನಂಬಲರ್ಹವಲ್ಲ. ಕಾರಣ ಸರಳ: ವಯಸ್ಸಾದಂತೆ ನಿರೀಕ್ಷಿತ ಮೌಲ್ಯ ಇಳಿಯುತ್ತದೆ, ಆದರೆ ಆರೋಗ್ಯವಂತರ ನಡುವಿನ ಸಹಜ ಏರುಪೇರು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ.

ಮೇಲೆ ಹೇಳಿದ ಅಮೆರಿಕದ ಬಿಳಿಯ ಗಂಡಸರ ಸೂತ್ರದಿಂದಲೇ ಒಂದು ಲೆಕ್ಕ ಮಾಡೋಣ. 165 ಸೆಂಟಿಮೀಟರ್ ಎತ್ತರ, 45 ವರ್ಷ ವಯಸ್ಸು. ನಿರೀಕ್ಷಿತ ಎಫ್‌ಇವಿ1 ಸುಮಾರು 3.46 ಲೀಟರ್, ಆರೋಗ್ಯವಂತರ ಕೆಳಮಿತಿ 2.78 ಲೀಟರ್, ಅಂದರೆ ನಿರೀಕ್ಷಿತದ ಶೇಕಡ 80. ಇಲ್ಲಿ ಹಳೆಯ ಗೆರೆಯೂ ನಿಜವಾದ ಕೆಳಮಿತಿಯೂ ಒಂದೇ ಜಾಗದಲ್ಲಿವೆ. ಅದೇ ಎತ್ತರದ 75 ವರ್ಷದವರಿಗೆ ನಿರೀಕ್ಷಿತ ಮೌಲ್ಯ 2.45 ಲೀಟರ್, ಕೆಳಮಿತಿ 1.77 ಲೀಟರ್, ಅದು ಶೇಕಡ 72ಕ್ಕೆ ಬಂತು. ಶೇಕಡ 75 ಊದಿದ ಅಜ್ಜನನ್ನು ಎಂಬತ್ತರ ಗೆರೆ ರೋಗಿಯೆಂದು ಕರೆಯುತ್ತದೆ, ಆತ ಆರೋಗ್ಯವಂತರ ಸಾಲಿನಲ್ಲೇ ಇದ್ದರೂ.

ಅನುಪಾತಕ್ಕೂ ಇದೇ ತೊಡಕು. ಸಿಒಪಿಡಿ ಕುರಿತ ಜಾಗತಿಕ ಮಾರ್ಗಸೂಚಿ ‘ಗೋಲ್ಡ್’, ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ ಅನುಪಾತ 0.70ಕ್ಕಿಂತ ಕಡಿಮೆಯಿದ್ದರೆ ಅಡಚಣೆ ಇದೆ ಎನ್ನುತ್ತದೆ. ಮೇಲಿನ ಅಮೆರಿಕದ ಸೂತ್ರದಂತೆ 25 ವರ್ಷದ ಗಂಡಸರ ಕೆಳಮಿತಿ ಸುಮಾರು 0.73, 75 ವರ್ಷದವರದು ಸುಮಾರು 0.63. ಹಾಗಾಗಿ 0.71 ಬಂದ ಯುವಕನ ಆರಂಭದ ಅಡಚಣೆ ಕಣ್ತಪ್ಪುತ್ತದೆ, 0.66 ಬಂದ ಹಿರಿಯರ ಕೈಗೆ ಬೇಡದ ಇನ್ಹೇಲರ್ ಬರಬಹುದು. ಗೋಲ್ಡ್ ಈ ಗೆರೆಯನ್ನು ಉಳಿಸಿಕೊಂಡಿರುವುದಕ್ಕೆ ಕಾರಣವಿದೆ. ಸಣ್ಣ ಚಿಕಿತ್ಸಾಲಯದಲ್ಲಿ ಯಾವ ಕೋಷ್ಟಕವೂ ಇಲ್ಲದೆ ಇದನ್ನು ಬಳಸಬಹುದು, ಅಲ್ಲದೆ ಧೂಮಪಾನದ ಇತಿಹಾಸ ಮತ್ತು ಲಕ್ಷಣಗಳ ಜೊತೆಗೆ ಓದಿದಾಗ ತಪ್ಪು ತಗ್ಗುತ್ತದೆ. ಸುತ್ತಿನ ಮಾಹಿತಿಯಿಲ್ಲದೆ ಬರಿಯ 0.70 ನೋಡಿ ತೀರ್ಪು ಕೊಡುವುದು ಮಾತ್ರ ಸರಿಯಲ್ಲ.

ಇದಕ್ಕೆ ಸಂಖ್ಯಾಶಾಸ್ತ್ರದ ಉತ್ತರವೆಂದರೆ ಕೆಳಮಿತಿಯೂ ಝಡ್ ಸ್ಕೋರೂ. ಆರೋಗ್ಯವಂತರ ಸರಾಸರಿಯಿಂದ ರೋಗಿಯ ಮೌಲ್ಯ ಎಷ್ಟು ‘ಪ್ರಮಾಣ ವಿಚಲನೆ’ ದೂರದಲ್ಲಿದೆ ಎಂಬುದನ್ನು ಝಡ್ ಸ್ಕೋರ್ ಹೇಳುತ್ತದೆ. ಸೊನ್ನೆ ಎಂದರೆ ಸರಾಸರಿ. ಋಣ 1.645 ಎಂದರೆ ಆರೋಗ್ಯವಂತರಲ್ಲಿ ಶೇಕಡ 5ರಷ್ಟು ಜನ ಮಾತ್ರ ಅದಕ್ಕಿಂತ ಕೆಳಗಿದ್ದಾರೆ. ಕೆಳಮಿತಿ ಎನ್ನುವುದು ಇದನ್ನೇ. ಅಮೆರಿಕ-ಯುರೋಪ್ ಸಂಘಗಳು 2022ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ ತೀವ್ರತೆಯನ್ನೂ ಝಡ್ ಸ್ಕೋರಿನಿಂದಲೇ ಹೇಳಲು ಸೂಚಿಸಲಾಗಿದೆ: ಋಣ 1.65ರಿಂದ ಋಣ 2.5ರವರೆಗೆ ಸೌಮ್ಯ, ಅಲ್ಲಿಂದ ಋಣ 4ರವರೆಗೆ ಮಧ್ಯಮ, ಅದಕ್ಕೂ ಕೆಳಗೆ ತೀವ್ರ. ಔಷಧಕ್ಕೆ ಶ್ವಾಸನಾಳ ಸ್ಪಂದಿಸಿತೇ ಎಂಬುದಕ್ಕೂ ಅಳತೆಗೋಲು ಬದಲಾಯಿತು. ಹಿಂದೆ ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಎಳೆದ ಮೇಲೆ ಎಫ್‌ಇವಿ1 ಅಥವಾ ಎಫ್‌ವಿಸಿ ಶೇಕಡ 12 ಮತ್ತು 200 ಮಿಲಿಲೀಟರ್ ಏರಬೇಕಿತ್ತು. ಈಗ ನಿರೀಕ್ಷಿತ ಮೌಲ್ಯದ ಶೇಕಡ 10ಕ್ಕಿಂತ ಹೆಚ್ಚು ಏರಿದರೆ ಸಾಕು.

ಕೆಳಮಿತಿಯೂ ಕಲ್ಲಿನ ಗೆರೆಯಲ್ಲ. ಏನೂ ಕಾಯಿಲೆಯಿಲ್ಲದ ಇಪ್ಪತ್ತು ಜನರಲ್ಲಿ ಒಬ್ಬರು ಅದರ ಕೆಳಗೇ ಇರುತ್ತಾರೆ. ಒಂದೇ ವರದಿಯಲ್ಲಿ ಹತ್ತಾರು ಸಾಲುಗಳನ್ನು ನೋಡುತ್ತ ಹೋದರೆ ಯಾವುದಾದರೊಂದು ಸಾಲು ಕೆಳಗಿಳಿದಿರುವುದು ತೀರ ಸಾಮಾನ್ಯ. ಊದಿನ ಮಧ್ಯಭಾಗದ ವೇಗವನ್ನು ತೋರಿಸುವ ಎಫ್‌ಇಎಫ್ 25-75ರ ಸಾಲಂತೂ ಆರೋಗ್ಯವಂತರಲ್ಲೇ ವಿಪರೀತ ಹೆಚ್ಚುಕಡಿಮೆ ಆಗುತ್ತದೆ. ಅದೊಂದನ್ನೇ ಹಿಡಿದು ‘ಸಣ್ಣ ಶ್ವಾಸನಾಳಗಳ ರೋಗ’ ಎಂದು ಬರೆಯುವ ಅಭ್ಯಾಸವನ್ನು ಕೈಬಿಡುವುದು ಒಳ್ಳೆಯದು.

ಯಾರ ಆರೋಗ್ಯ, ಯಾರಿಗೆ ಅಳತೆ?

ಪ್ರಮಾಣಕ ಮೌಲ್ಯಗಳ ಚರಿತ್ರೆಯಲ್ಲಿ ಕರಾಳವಾದ ಅಧ್ಯಾಯವೊಂದಿದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮಗಿರಿಯನ್ನು ಸಮರ್ಥಿಸುತ್ತಿದ್ದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ 1851ರ ಹೊತ್ತಿಗೆ ಸ್ಪೈರೋಮೀಟರನ್ನು ತನ್ನ ವಾದಕ್ಕೆ ಬಳಸಿಕೊಂಡ. ಕಪ್ಪು ಜನರ ಶ್ವಾಸಕೋಶದ ಸಾಮರ್ಥ್ಯ ಶೇಕಡ 20ರಷ್ಟು ಕಡಿಮೆ ಎಂದೂ, ಹಾಗಾಗಿ ದುಡಿಮೆಯೇ ಅವರಿಗೆ ಹಿತವೆಂದೂ ಬರೆದ. ಅಂತರ್ಯುದ್ಧದ ಸೈನಿಕರನ್ನು ಅಳೆದು ಬೆಂಜಮಿನ್ ಗೌಲ್ಡ್ 1869ರಲ್ಲಿ ಪ್ರಕಟಿಸಿದ ದೊಡ್ಡ ಕೋಷ್ಟಕ ಈ ಅಂತರಕ್ಕೆ ವಿಜ್ಞಾನದ ಮುದ್ರೆ ಒತ್ತಿತು. ಆ ಸೈನಿಕರು ಹೇಗೆ ಬೆಳೆದಿದ್ದರು, ಏನು ತಿಂದಿದ್ದರು ಎಂಬ ಪ್ರಶ್ನೆ ಏಳಲೇ ಇಲ್ಲ. ಮುಂದೆ ಯಂತ್ರಗಳಲ್ಲಿ ‘ಜನಾಂಗ’ ಎಂಬ ಗುಂಡಿ ಬಂತು. ಅದನ್ನು ಒತ್ತಿದರೆ ಕಪ್ಪು ಜನರಿಗೆ ಶೇಕಡ 10ರಿಂದ 15, ಏಷ್ಯಾದವರಿಗೆ ಶೇಕಡ 4ರಿಂದ 6 ನಿರೀಕ್ಷಿತ ಮೌಲ್ಯ ತಂತಾನೇ ಕಡಿತವಾಗುತ್ತಿತ್ತು. ಲಂಡಿ ಬ್ರೌನ್ 2014ರ ತಮ್ಮ ಪುಸ್ತಕದಲ್ಲಿ ಈ ಇಡೀ ಇತಿಹಾಸವನ್ನು ದಾಖಲಿಸಿದ್ದಾರೆ.

ಈಚಿನ ದೊಡ್ಡ ಹೆಜ್ಜೆ ‘ಗ್ಲೋಬಲ್ ಲಂಗ್ ಫಂಕ್ಷನ್ ಇನಿಷಿಯೇಟಿವ್’ ತಂಡದ 2012ರ ಜಿಎಲ್‌ಐ ಸೂತ್ರಗಳು. ನೆದರ್‌ಲೆಂಡ್ಸಿನ ಫಿಲಿಪ್ ಕ್ವಾಂಜರ್ ಮುಂದಾಳತ್ವದಲ್ಲಿ 26 ದೇಶಗಳ, 3ರಿಂದ 95 ವರ್ಷ ವಯಸ್ಸಿನ, ಧೂಮಪಾನ ಮಾಡದ 74,187 ಆರೋಗ್ಯವಂತರ ಮಾಹಿತಿಯನ್ನು ಒಟ್ಟುಗೂಡಿಸಿ ಇವನ್ನು ಕಟ್ಟಲಾಯಿತು. ಮಗುವಿನಿಂದ ಮುಪ್ಪಿನವರೆಗೆ ಒಂದೇ ಸರಾಗ ಗೆರೆ ಸಿಕ್ಕಿತು, ಹದಿನೆಂಟು ತುಂಬಿದ ಕೂಡಲೇ ಸೂತ್ರ ಬದಲಾಗಿ ಫಲಿತಾಂಶ ಜಿಗಿಯುವ ತೊಂದರೆ ತಪ್ಪಿತು. ಆದರೆ ಅದರಲ್ಲಿ ಬಿಳಿಯರು, ಆಫ್ರಿಕನ್ ಅಮೆರಿಕನ್ನರು, ಈಶಾನ್ಯ ಏಷ್ಯಾದವರು, ಆಗ್ನೇಯ ಏಷ್ಯಾದವರು ಎಂಬ ಗುಂಪುಗಳಿದ್ದವು. ಭಾರತ ಉಪಖಂಡಕ್ಕೆ ಪ್ರತ್ಯೇಕ ಗುಂಪು ಇರಲಿಲ್ಲ. ‘ಇತರೆ’ ಎಂಬ ಸಾಲಿನಲ್ಲಿ ನಾವು ಸೇರಿಕೊಳ್ಳಬೇಕಿತ್ತು. ಅನಂತರ ಜನಾಂಗವನ್ನೇ ಕೇಳದ ‘ಜಿಎಲ್‌ಐ ಗ್ಲೋಬಲ್’ ಸೂತ್ರ ಬಂತು. ಅಮೆರಿಕದ ಥೊರಾಸಿಕ್ ಸೊಸೈಟಿ 2023ರಲ್ಲಿ ಅದನ್ನು ಬಳಸಲು ಸಲಹೆ ಮಾಡಿತು. ಹಾಗಾಗಿ ಬೆಂಗಳೂರಿನಲ್ಲಿ ಒಂದು ಸೂತ್ರದಿಂದ ಅಳೆಸಿಕೊಂಡ ಕನ್ನಡಿಗರು ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋದಾಗ ಇನ್ನೊಂದರಿಂದ ಅಳೆಸಿಕೊಂಡರೆ, ಉಸಿರು ಬದಲಾಗದಿದ್ದರೂ ವರದಿಯ ಶೇಕಡಾವಾರು ಬದಲಾಗಬಹುದು.

ಭಾರತದಲ್ಲಿ ಈ ಕೆಲಸ ಹೊಸದೇನಲ್ಲ. ದೆಹಲಿಯಲ್ಲಿ ಜೈನ್ ಮತ್ತು ರಾಮಯ್ಯ 1969ರಲ್ಲಿ, ಮುಂಬಯಿಯಲ್ಲಿ ಉದ್ವಾಡಿಯಾ ಮತ್ತು ಸಂಗಡಿಗರು 1980ರ ದಶಕದಲ್ಲಿ, ಮದರಾಸಿನಲ್ಲಿ ವಿಜಯನ್ ಮತ್ತು ಸಂಗಡಿಗರು 1990ರಲ್ಲಿ, ಮತ್ತೆ ದೆಹಲಿಯಲ್ಲಿ ಛಾಬ್ರಾ ಮತ್ತು ಸಂಗಡಿಗರು 2014ರಲ್ಲಿ ತಮ್ಮ ತಮ್ಮ ಪ್ರದೇಶದ ಆರೋಗ್ಯವಂತರಿಂದ ಸೂತ್ರಗಳನ್ನು ಕೊಟ್ಟಿದ್ದಾರೆ. ಒಂದೇ ಎತ್ತರ, ವಯಸ್ಸಿನ ಭಾರತೀಯರ ಎಫ್‌ವಿಸಿ ಯುರೋಪ್ ಮೂಲದವರಿಗಿಂತ ಹೆಚ್ಚುಕಡಿಮೆ ಶೇಕಡ 10ರಿಂದ 15 ಕಡಿಮೆ ಎಂಬುದು ಇಂಥ ಅಧ್ಯಯನಗಳ ಒಟ್ಟಾರೆ ಫಲಿತಾಂಶ. ಇದರ ಪರಿಣಾಮವನ್ನು ಅದೇ 45 ವರ್ಷದ, 165 ಸೆಂಟಿಮೀಟರಿನ ಗಂಡಸಿನಲ್ಲಿ ನೋಡಬಹುದು. ಆತ 3.50 ಲೀಟರ್ ಊದಿದ ಎನ್ನಿ. ಅಮೆರಿಕದ ಬಿಳಿಯರ ಸೂತ್ರದಲ್ಲಿ ನಿರೀಕ್ಷಿತ ಎಫ್‌ವಿಸಿ 4.37, ಕೆಳಮಿತಿ 3.56 ಲೀಟರ್, ವರದಿಯಲ್ಲಿ ‘ಕುಗ್ಗುವಿಕೆಯ ಶಂಕೆ’ ಎಂದು ಅಚ್ಚಾಗುತ್ತದೆ. ನಿರೀಕ್ಷಿತವನ್ನು ಶೇಕಡ 10 ತಗ್ಗಿಸಿದರೆ ಅದೇ ಉಸಿರು ಶೇಕಡ 89 ಆಗಿ ಸಹಜವಾಗುತ್ತದೆ. ಮೊದಲ ವರದಿ ಹಿಡಿದು ಆತ ಸಿಟಿ ಸ್ಕ್ಯಾನಿಗೆ ಓಡಬಹುದು, ಕೆಲಸದ ವೈದ್ಯಕೀಯ ತಪಾಸಣೆಯಲ್ಲಿ ಅನುತ್ತೀರ್ಣನಾಗಬಹುದು. ಹೀಗೆ ಒಂದೇ ಸಂಖ್ಯೆಯಿಂದ ಗುಣಿಸಿ ಹೊಂದಿಸುವ ರೂಢಿ ನಮ್ಮ ಹಲವು ಪ್ರಯೋಗಾಲಯಗಳಲ್ಲಿ ಬಹುಕಾಲ ಇತ್ತು. ಅದು ಸ್ಥಳೀಯ ಸೂತ್ರಕ್ಕೆ ಸಾಟಿಯಲ್ಲ, ಏಕೆಂದರೆ ಅಂತರ ಎಲ್ಲ ವಯಸ್ಸು, ಎತ್ತರಗಳಲ್ಲೂ ಒಂದೇ ಆಗಿರುವುದಿಲ್ಲ.

ಹಾಗಾದರೆ ನಮ್ಮ ಶ್ವಾಸಕೋಶ ಹುಟ್ಟಿನಿಂದಲೇ ಚಿಕ್ಕದೇ? ಒಂದಿಷ್ಟು ಪಾಲು ಮೈಕಟ್ಟಿನದು. ಒಟ್ಟು ಎತ್ತರದಲ್ಲಿ ಮುಂಡದ ಭಾಗವೆಷ್ಟು, ಕಾಲಿನ ಭಾಗವೆಷ್ಟು ಎಂಬುದು ಜನಸಮುದಾಯಗಳಲ್ಲಿ ಬೇರೆ ಬೇರೆ. ಆದರೆ ಬದುಕಿನ ಸ್ಥಿತಿಗತಿಯ ಪಾಲು ಕಡಿಮೆಯೇನಲ್ಲ, ಮತ್ತು ಇದಕ್ಕೆ ಅತ್ಯುತ್ತಮ ಸಾಕ್ಷ್ಯಗಳಲ್ಲೊಂದು ಮೈಸೂರಿನಿಂದಲೇ ಬಂದಿದೆ. ಊರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಹುಟ್ಟಿದ ಶಿಶುಗಳ ತೂಕವನ್ನು ಸ್ವಾತಂತ್ರ್ಯಪೂರ್ವದಿಂದಲೂ ಬರೆದಿಟ್ಟಿತ್ತು. ಅಲ್ಲಿ ಹುಟ್ಟಿ 38ರಿಂದ 59 ವರ್ಷದವರಾಗಿದ್ದ 286 ಜನರನ್ನು ಪತ್ತೆಹಚ್ಚಿ ಊದಿಸಿದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಹುಟ್ಟುತೂಕ ಕಡಿಮೆಯಿದ್ದವರ ಎಫ್‌ಇವಿ1 ನಡುವಯಸ್ಸಿನಲ್ಲೂ ಕಡಿಮೆಯೇ ಇತ್ತು. ತಾಯಿಯ ಬಸಿರಿನಲ್ಲಿ ಸಿಗದ ಪೋಷಣೆಯ ಗುರುತು ಅರ್ಧ ಶತಮಾನದ ಬಳಿಕ ಉಸಿರಿನಲ್ಲಿ ಉಳಿದಿತ್ತು. ದಕ್ಷಿಣ ಭಾರತದ ಶಾಲಾಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ನಗರದ ಅನುಕೂಲಸ್ಥ ಮಕ್ಕಳ ಮೌಲ್ಯಗಳು ಬ್ರಿಟನ್ನಿನಲ್ಲಿರುವ ಭಾರತೀಯ ಮೂಲದ ಮಕ್ಕಳಿಗೆ ಹತ್ತಿರವಿದ್ದವು. ಹಳ್ಳಿಯ ಮಕ್ಕಳದು ಗಮನಾರ್ಹವಾಗಿ ಕೆಳಗಿತ್ತು. ಮೂಲ ಒಂದೇ, ಬೆಳೆದ ಪರಿಸರ ಬೇರೆ.

ಪ್ರಮಾಣಕ ಮೌಲ್ಯದ ನಿಜವಾದ ಇಕ್ಕಟ್ಟು ಇಲ್ಲಿದೆ. ಸೌದೆ ಒಲೆಯ ಹೊಗೆಯಲ್ಲಿ ಅಡುಗೆ ಮಾಡುತ್ತ ಬದುಕಿದ, ಕೆಮ್ಮು ದಮ್ಮಿಲ್ಲದ ಹಳ್ಳಿಯ ಹೆಂಗಸರನ್ನು ‘ಆರೋಗ್ಯವಂತರು’ ಎಂದು ಅಳೆದು ಸೂತ್ರ ಕಟ್ಟಿದರೆ ಹೊಗೆ ಕಸಿದುಕೊಂಡ ಉಸಿರು ಕೂಡ ಸಹಜದ ಲೆಕ್ಕಕ್ಕೆ ಸೇರುತ್ತದೆ. ಹೊರಗಿನವರ ಸೂತ್ರ ತಂದರೆ ಅವರಲ್ಲಿ ಹಲವರು ರೋಗಿಗಳಾಗಿಬಿಡುತ್ತಾರೆ. ಎರಡೂ ಹೋಲಿಕೆಗಳಿಗೆ ಬೇರೆ ಬೇರೆ ಉಪಯೋಗವಿದೆ. ಎದುರಿಗೆ ಕುಳಿತ ರೋಗಿಗೆ ಈಗ ಕಾಯಿಲೆ ಇದೆಯೇ ಎಂದು ತಿಳಿಯಲು ಆಕೆಯ ಸುತ್ತಲಿನ ಆರೋಗ್ಯವಂತರ ಮೌಲ್ಯವೇ ಸರಿ. ಒಂದು ಸಮುದಾಯ ತನಗೆ ಸಿಗಬೇಕಾದ ಉಸಿರನ್ನು ಪಡೆದಿದೆಯೇ ಎಂದು ಸರ್ಕಾರ ಕೇಳಬೇಕಾದಾಗ, ಹಸಿವು ಹೊಗೆಗಳಿಲ್ಲದೆ ಬೆಳೆದವರ ಮೌಲ್ಯವನ್ನೇ ಮುಂದಿಡಬೇಕು. ಮೊದಲನೆಯದನ್ನು ಎರಡನೆಯದಕ್ಕೆ ಬಳಸಿದರೆ ಅನ್ಯಾಯವೇ ಪ್ರಮಾಣಕವಾಗಿ ಕುಳಿತುಬಿಡುತ್ತದೆ. ಗಣಿ, ಕಲ್ಲುಕ್ವಾರಿಗಳ ಧೂಳಿನಲ್ಲಿ ದುಡಿದವರ ಪರಿಹಾರದ ಪ್ರಶ್ನೆ ಬಂದಾಗ ಈ ಎಚ್ಚರ ಇನ್ನೂ ಹೆಚ್ಚು ಬೇಕು. ನಿರೀಕ್ಷಿತ ಮೌಲ್ಯವನ್ನು ಕೆಳಗಿಳಿಸಿದಷ್ಟೂ ಕಾರ್ಮಿಕನ ನಷ್ಟ ಕಾಗದದಲ್ಲಿ ಚಿಕ್ಕದಾಗುತ್ತದೆ.

ಸ್ಪೈರೋಮೆಟ್ರಿಯ ಆಚೆ

ಎಫ್‌ವಿಸಿ ಕಡಿಮೆ ಎಂದ ಮಾತ್ರಕ್ಕೆ ಶ್ವಾಸಕೋಶ ಕುಗ್ಗಿದೆ ಎಂದಾಗದು. ಗಾಳಿ ಒಳಗೇ ಸಿಕ್ಕಿಕೊಂಡಾಗಲೂ, ಬೊಜ್ಜಿನಿಂದಲೂ, ಸರಿಯಾಗಿ ಊದದಿದ್ದಾಗಲೂ ಅದು ಇಳಿಯುತ್ತದೆ. ಖಚಿತಪಡಿಸಲು ಶ್ವಾಸಕೋಶದ ಒಟ್ಟು ಗಾತ್ರವನ್ನು ಗಾಜಿನ ಕೋಣೆಯಂಥ ಪ್ಲೆಥಿಸ್ಮೋಗ್ರಾಫ್ ಯಂತ್ರದಲ್ಲಿ ಅಥವಾ ಹೀಲಿಯಂ ಬಳಸಿ ಅಳೆಯಬೇಕು. ಅನಿಲ ರಕ್ತಕ್ಕೆ ದಾಟುವ ಸಾಮರ್ಥ್ಯವಾದ ಡಿಎಲ್‌ಸಿಒ ಪರೀಕ್ಷೆಗೆ ಹಿಮೋಗ್ಲೋಬಿನ್ ತಿಳಿದಿರಲೇಬೇಕು. ರಕ್ತಹೀನತೆ ಇದ್ದರೆ ಆರೋಗ್ಯವಾದ ಶ್ವಾಸಕೋಶದಲ್ಲೂ ಈ ಸಂಖ್ಯೆ ಇಳಿಯುತ್ತದೆ. ರಕ್ತಹೀನತೆ ವ್ಯಾಪಕವಾಗಿರುವ ನಮ್ಮ ನಾಡಿನ ಹೆಂಗಸರ ವರದಿಯಲ್ಲಿ ಈ ತಿದ್ದುಪಡಿ ಬಿಟ್ಟುಹೋದರೆ ಇಲ್ಲದ ಶ್ವಾಸಕೋಶ ರೋಗವನ್ನು ಹುಡುಕಿಕೊಂಡು ಹೋದಂತಾಗುತ್ತದೆ.

ತನಗೆ ತಾನೇ ಪ್ರಮಾಣ

ಯಾವ ಸೂತ್ರಕ್ಕಿಂತಲೂ ನಂಬಿಕೆಗೆ ಅರ್ಹವಾದ ಹೋಲಿಕೆ ಒಂದಿದೆ: ಅದೇ ವ್ಯಕ್ತಿಯ ಹಿಂದಿನ ವರದಿ. ಇಪ್ಪತ್ತೈದರ ಹೊತ್ತಿಗೆ ಎಫ್‌ಇವಿ1 ತುತ್ತತುದಿ ಮುಟ್ಟಿ, ಆಮೇಲೆ ವರ್ಷಕ್ಕೆ ಸುಮಾರು 25ರಿಂದ 30 ಮಿಲಿಲೀಟರ್ ಇಳಿಯುತ್ತ ಹೋಗುವುದು ಸಹಜ. ಲಂಡನ್ನಿನ ಕೆಲಸಗಾರರನ್ನು ಎಂಟು ವರ್ಷ ಹಿಂಬಾಲಿಸಿ ಫ್ಲೆಚರ್ ಮತ್ತು ಪೀಟೊ 1977ರಲ್ಲಿ ಪ್ರಕಟಿಸಿದ ಅಧ್ಯಯನ, ಧೂಮಪಾನದಿಂದ ತೊಂದರೆಗೊಳಗಾಗುವವರಲ್ಲಿ ಈ ಇಳಿತ ಇನ್ನೂ ಕಡಿದಾಗಿರುವುದನ್ನೂ, ಚಟ ಬಿಟ್ಟರೆ ಅದು ಮತ್ತೆ ಸಹಜ ವೇಗಕ್ಕೆ ಮರಳುವುದನ್ನೂ ತೋರಿಸಿತು. 2015ರಲ್ಲಿ ಲಾಂಗೆ ಮತ್ತು ಸಂಗಡಿಗರು ಇದಕ್ಕೆ ಇನ್ನೊಂದು ಮುಖವಿದೆ ಎಂದು ತೋರಿಸಿದರು. ಸಿಒಪಿಡಿಗೆ ತುತ್ತಾದವರಲ್ಲಿ ಸುಮಾರು ಅರ್ಧದಷ್ಟು ಜನ ವೇಗವಾಗಿ ಇಳಿದವರಲ್ಲ, ಯೌವನದಲ್ಲೇ ಪೂರ್ತಿ ಮೇಲೇರದವರು. ಮೈಸೂರಿನ ಹುಟ್ಟುತೂಕದ ಲೆಕ್ಕ ಈ ಮಾತಿಗೆ ಹೊಂದಿಕೊಳ್ಳುತ್ತದೆ.

ಕೆಲಸಕ್ಕೆ ಸೇರುವಾಗ ಶೇಕಡ 115 ಊದುತ್ತಿದ್ದ ಕಾರ್ಮಿಕ ಹತ್ತು ವರ್ಷದಲ್ಲಿ ಶೇಕಡ 88ಕ್ಕೆ ಇಳಿದರೆ ವರದಿ ಈಗಲೂ ‘ಸಹಜ’ ಎಂದೇ ಹೇಳುತ್ತದೆ. ಆತನ ಶ್ವಾಸಕೋಶದ ನಾಲ್ಕನೆಯ ಒಂದು ಭಾಗದಷ್ಟು ಸಾಮರ್ಥ್ಯ ಹೋಗಿರುವುದು ಹಳೆಯ ವರದಿ ಪಕ್ಕದಲ್ಲಿದ್ದರೆ ಮಾತ್ರ ಕಾಣುತ್ತದೆ. ವರ್ಷದಿಂದ ವರ್ಷಕ್ಕೆ ಎಫ್‌ಇವಿ1 ಶೇಕಡ 15 ಅಥವಾ ಅದಕ್ಕಿಂತ ಹೆಚ್ಚು ಬದಲಾದರೆ ಅದನ್ನು ಯಂತ್ರದ ಏರುಪೇರು ಎಂದು ತಳ್ಳಿಹಾಕುವಂತಿಲ್ಲ. ಇಂಥ ಹೋಲಿಕೆಯನ್ನು ಲೀಟರ್‌ಗಳಲ್ಲೇ ಮಾಡಬೇಕು, ಏಕೆಂದರೆ ನಡುವೆ ಸೂತ್ರ ಬದಲಾಗಿದ್ದರೆ ಶೇಕಡಾವಾರು ದಾರಿ ತಪ್ಪಿಸುತ್ತದೆ.

ಪಿಎಫ್‌ಟಿ ಮಾಡಿಸಿದವರು ಎಲ್ಲ ವರದಿಗಳನ್ನೂ ಜೋಪಾನವಾಗಿಟ್ಟು ಪ್ರತಿ ಬಾರಿ ವೈದ್ಯರಿಗೆ ತೋರಿಸಬೇಕು. ಆದಷ್ಟು ಒಂದೇ ಕಡೆ ಪರೀಕ್ಷೆ ಮಾಡಿಸಬೇಕು. ಬರೆದಿರುವ ಎತ್ತರ, ವಯಸ್ಸು ಸರಿಯಿದೆಯೇ ಎಂದು ನೋಡಿಕೊಳ್ಳಬೇಕು. ಯಾವ ಪ್ರಮಾಣಕ ಸೂತ್ರ ಬಳಸಿದ್ದಾರೆ ಎಂಬುದು ವರದಿಯಲ್ಲಿ ಅಚ್ಚಾಗಿರಬೇಕು. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.